ಒಬ್ಬನೇ ಇರುವಂತಿಲ್ಲ: ಸೆಬು ದ್ವೀಪದಲ್ಲಿ ಮಾರ್ಮನ್ ಹುಡುಗನ ಒಂದು ವಾರ

ಎರಡು ವರ್ಷ ಅವನು ಒಬ್ಬನೇ ಇರುವಂತಿಲ್ಲ. ಬಚ್ಚಲುಮನೆಯೊಂದಕ್ಕೆ ಮಾತ್ರ ವಿನಾಯಿತಿ. ಸೋಪು ತರಲು ಅಂಗಡಿಗೆ ಹೋಗಬೇಕಾ? ಇಬ್ಬರೂ ಹೋಗಬೇಕು. ಜೊತೆಗಾರನಿಗೆ ಜ್ವರ ಬಂತಾ? ಇವನೂ ಮನೆಯಲ್ಲೇ ಕೂರಬೇಕು. ಮಲಗುವುದೂ ಒಂದೇ ಕೋಣೆಯಲ್ಲಿ, ಬೇರೆ ಬೇರೆ ಮಂಚದ ಮೇಲೆ. ಆ ಜೊತೆಗಾರ ಯಾರು ಅಂತ ಆರಿಸುವ ಹಕ್ಕು ಅವನಿಗಿಲ್ಲ. ಯಾವ ದೇಶ, ಯಾವ ಊರು, ಯಾವ ಭಾಷೆ ಅನ್ನುವುದನ್ನೂ ಅವನು ಆರಿಸಿಕೊಂಡಿಲ್ಲ.

ಮಾರ್ಮನ್ ಮಿಷನರಿ ಅಂದರೆ ನಮ್ಮ ಕಣ್ಣಿಗೆ ಬರುವುದು ಬಿಳಿ ಅಂಗಿ, ಟೈ, ಎದೆ ಮೇಲೆ ಹೆಸರು ಬರೆದ ಕಪ್ಪು ಪಟ್ಟಿ. ಬಾಗಿಲು ತಟ್ಟಿ ಧರ್ಮ ಹೇಳುವವರು ಅಂತ ಎಲ್ಲರಿಗೂ ಗೊತ್ತು. ಆದರೆ ಅವರ ವಾರವನ್ನು ಹತ್ತಿರದಿಂದ ನೋಡಿದರೆ ಕಷ್ಟದ ಕೆಲಸ ಬಾಗಿಲಾಚೆಯ ಅಪರಿಚಿತರದ್ದಲ್ಲ, ಪಕ್ಕದ ಮಂಚದಲ್ಲಿ ಮಲಗಿರುವ ಅಪರಿಚಿತನದ್ದು ಅನ್ನಿಸುತ್ತದೆ. ಇಡೀ ವ್ಯವಸ್ಥೆ ನಿಂತಿರುವುದೂ ಆ ಜೋಡಿಯ ಮೇಲೆಯೇ.

ಉದಾಹರಣೆಗೆ ಫಿಲಿಪೀನ್ಸ್‌ನ ಸೆಬು ದ್ವೀಪವನ್ನು ತೆಗೆದುಕೊಳ್ಳೋಣ. ಹುಡುಗ ಅಮೆರಿಕದ ಐಡಾಹೊ ರಾಜ್ಯದವನು, ವಯಸ್ಸು 19. ಜೊತೆಗಾರ ಫಿಲಿಪೀನ್ಸಿನವನೇ, ಆದರೆ ಉತ್ತರದ ಲುಝಾನ್ ದ್ವೀಪದ ಪಂಗಾಸಿನಾನ್ ಕಡೆಯವನು. ಇವರು ನಿಜವಾದ ಇಬ್ಬರು ವ್ಯಕ್ತಿಗಳಲ್ಲ. ಅಲ್ಲಿ ಇಂಥ ಎಷ್ಟೋ ಜೋಡಿಗಳಿವೆ, ಅವರ ದಿನಚರಿಯನ್ನು ಸೇರಿಸಿ ನಾನು ಮಾಡಿಕೊಂಡ ಜೋಡಿ ಇದು.

ಮೊದಲು ಸ್ವಲ್ಪ ಹಿನ್ನೆಲೆ. ಇವರ ಚರ್ಚಿನ ಪೂರ್ತಿ ಹೆಸರು 'ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್'. ಮಾರ್ಮನ್ ಅನ್ನುವುದು ಹೊರಗಿನವರು ಇಟ್ಟ ಅಡ್ಡಹೆಸರು. ಅದನ್ನು ಬಳಸಬೇಡಿ ಅಂತ 2018ರಲ್ಲಿ ಚರ್ಚು ಕೇಳಿಕೊಂಡಿತು, ಜನ ಬಿಟ್ಟಿಲ್ಲ. ಉದ್ದ ಹೆಸರು ಮತ್ತೆ ಮತ್ತೆ ಬರೆಯುವುದು ಕಷ್ಟ ಅಂತ ನಾನೂ ಇಲ್ಲಿ ಬಿಟ್ಟಿಲ್ಲ. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಇದನ್ನು ಶುರು ಮಾಡಿದಾಗ ಅವರಿಗೆ 24 ವರ್ಷ. ಯೇಸು ಕಟ್ಟಿದ ಮೂಲ ಚರ್ಚು ಕಾಲ ಕಳೆದಂತೆ ದಾರಿ ತಪ್ಪಿತು, ದೇವರು ಅದನ್ನು ತಮ್ಮ ಮೂಲಕ ಮತ್ತೆ ನಿಲ್ಲಿಸಿದ ಅಂತ ಅವರು ಹೇಳಿದರು. ಬೈಬಲ್ ಜೊತೆಗೆ 'ಬುಕ್ ಆಫ್ ಮಾರ್ಮನ್' ಅನ್ನುವ ಇನ್ನೊಂದು ಧರ್ಮಗ್ರಂಥವನ್ನೂ ಕೊಟ್ಟರು. ಅದೇ ವರ್ಷ ಅವರ ತಮ್ಮ ಸ್ಯಾಮ್ಯುಯೆಲ್ ಆ ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು ಊರೂರು ಅಲೆದರು. ಅವರನ್ನೇ ಮೊದಲ ಮಿಷನರಿ ಅನ್ನುತ್ತಾರೆ. ಈಗ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿ ಕೇಂದ್ರ. ಸದಸ್ಯರು 1.7 ಕೋಟಿಗೂ ಜಾಸ್ತಿ, ಮಿಷನರಿಗಳು 70,000ಕ್ಕೂ ಜಾಸ್ತಿ.

ಹುಡುಗರಿಗೆ ಮಿಷನ್ ಅಂದರೆ ಎರಡು ವರ್ಷ. ಅದು ಅವರ ಕರ್ತವ್ಯ ಅಂತಲೇ ಚರ್ಚು ಹೇಳುತ್ತದೆ. ಹುಡುಗಿಯರಿಗೆ 18 ತಿಂಗಳು, ಹೋಗುವುದು ಬಿಡುವುದು ಅವರಿಷ್ಟ. 2012ರ ಅಕ್ಟೋಬರ್‌ನಲ್ಲಿ ಹುಡುಗರ ಕನಿಷ್ಠ ವಯಸ್ಸನ್ನು 19ರಿಂದ 18ಕ್ಕೆ, ಹುಡುಗಿಯರದ್ದನ್ನು 21ರಿಂದ 19ಕ್ಕೆ ಇಳಿಸಿದರು. 58,000ದಷ್ಟಿದ್ದ ಮಿಷನರಿಗಳ ಸಂಖ್ಯೆ ಒಂದೆರಡು ವರ್ಷದಲ್ಲೇ 80,000 ದಾಟಿತು. ಹುಡುಗಿಯರು ಅಷ್ಟೊಂದು ಸಂಖ್ಯೆಯಲ್ಲಿ ಹೊರಟದ್ದು ಆಗಿನಿಂದ. ಅಲ್ಲಿಯವರೆಗೆ 21 ಆಗುವಷ್ಟರಲ್ಲಿ ಓದು, ಕೆಲಸ, ಮದುವೆ ಅಂತ ಏನಾದರೊಂದು ಅಡ್ಡ ಬರುತ್ತಿತ್ತು.

ಹೋಗಬೇಕು ಅನ್ನುವವರು ಅರ್ಜಿ ಹಾಕುತ್ತಾರೆ. ಊರಿನ ಬಿಷಪ್ ಸಂದರ್ಶನ ಮಾಡುತ್ತಾರೆ, ಡಾಕ್ಟರು ಮತ್ತು ದಂತವೈದ್ಯರು ಪರೀಕ್ಷೆ ಮಾಡುತ್ತಾರೆ. ಎಲ್ಲಿಗೆ ಅನ್ನುವುದು ಸಾಲ್ಟ್ ಲೇಕ್ ಸಿಟಿಯಲ್ಲಿ ತೀರ್ಮಾನವಾಗುತ್ತದೆ. ಮೊದಲು ದಪ್ಪ ಲಕೋಟೆ ಬರುತ್ತಿತ್ತು, ಈಗ ಆನ್‌ಲೈನ್‌ನಲ್ಲೇ ಬರುತ್ತದೆ. ಮನೆಮಂದಿ, ಗೆಳೆಯರು ಎಲ್ಲ ಸೇರಿದ ಮೇಲೆ ಹುಡುಗ ಅದನ್ನು ಜೋರಾಗಿ ಓದುತ್ತಾನೆ. ನಮ್ಮ ಹುಡುಗನ ಪತ್ರದಲ್ಲಿ ಫಿಲಿಪೀನ್ಸ್ ಅಂತಿತ್ತು, ಸೆಬುವಾನೊ ಭಾಷೆ ಅಂತಿತ್ತು. ಅಂಥದ್ದೊಂದು ಭಾಷೆ ಇದೆ ಅಂತ ಅವನಿಗೆ ಅವತ್ತೇ ಗೊತ್ತಾದದ್ದು. ಯೂಟಾದ ಪ್ರೊವೊ ಊರಿನ ತರಬೇತಿ ಕೇಂದ್ರದಲ್ಲಿ ಕೆಲವು ವಾರ ಭಾಷೆ ಕಲಿತು, ಪ್ರಾರ್ಥನೆ ಮಾಡುವಷ್ಟು, ಪಾಠ ಒಪ್ಪಿಸುವಷ್ಟು ಬಂದ ಮೇಲೆ ವಿಮಾನ ಹತ್ತಿದ. ಇಳಿದ ಮೇಲೆ ಜೀಪ್ನಿ (ಜೀಪಿನಂಥ ಅಲ್ಲಿನ ಬಾಡಿಗೆ ವಾಹನ) ಚಾಲಕ ಕೇಳಿದ ಮೊದಲ ಪ್ರಶ್ನೆಯೇ ಅರ್ಥವಾಗಲಿಲ್ಲ. ಇದು ಎಲ್ಲರಿಗೂ ಆಗುವ ಅನುಭವ.

ಸೋಮವಾರ

ಮಿಷನರಿಗಳ ವಾರ ಸೋಮವಾರದಿಂದ ಅಂತ ಲೆಕ್ಕ ಹಿಡಿಯುವುದು ಸುಲಭ, ಏಕೆಂದರೆ ಸಾಮಾನ್ಯವಾಗಿ ಅವರಿಗೆ ಬಿಡುವು ಸಿಗುವುದು ಅವತ್ತೇ. ಪಿ-ಡೇ ಅನ್ನುತ್ತಾರೆ. ವಾರದ ತಯಾರಿಯ ದಿನ. ರಜೆ ಅಂತ ಯಾರೂ ಹೇಳುವುದಿಲ್ಲ, ಸಂಜೆ ಆರರ ಹೊತ್ತಿಗೆ ಮತ್ತೆ ಟೈ ಕಟ್ಟಿ ಹೊರಡಬೇಕು.

ಬೆಳಿಗ್ಗೆ ಆರೂವರೆಗೆ ಏಳುವುದು ಅವತ್ತೂ ತಪ್ಪುವುದಿಲ್ಲ. ಸ್ನಾನ ಬಕೆಟ್ಟಿನ ತಣ್ಣೀರಲ್ಲಿ, ಮಗ್ಗಿನಿಂದ. ನಮಗೆ ಇದರಲ್ಲಿ ಹೇಳುವಂಥದ್ದೇನೂ ಇಲ್ಲ, ಆದರೆ ಐಡಾಹೊದ ಹುಡುಗ ಮನೆಗೆ ಬರೆದ ಮೊದಲ ಪತ್ರದಲ್ಲಿ ಅರ್ಧ ಪುಟ ಈ ಬಕೆಟ್ಟಿನ ಬಗ್ಗೆಯೇ ಇರುತ್ತದೆ. ಆಮೇಲೆ ಬಟ್ಟೆ ಒಗೆಯುವುದು. ಸೆಬುವಿನ ಸೆಕೆಗೆ ಬಿಳಿ ಅಂಗಿಯ ಕಾಲರ್ ಒಂದೇ ದಿನಕ್ಕೆ ಕಪ್ಪಾಗುತ್ತದೆ, ಕೈಯಲ್ಲಿ ಉಜ್ಜಿ ಒಗೆಯುವುದನ್ನು ಜೊತೆಗಾರ ಹೇಳಿಕೊಡುತ್ತಾನೆ.

ಎಂಟು ಗಂಟೆಗೆ ಮನೆಗೆ ವಿಡಿಯೊ ಕರೆ. ಸೆಬುವಿನಲ್ಲಿ ಸೋಮವಾರ ಬೆಳಿಗ್ಗೆ ಎಂಟಾದಾಗ ಐಡಾಹೊದಲ್ಲಿ ಬೇಸಿಗೆಯಾದರೆ ಭಾನುವಾರ ಸಂಜೆ ಆರು. ಮನೆಯವರೆಲ್ಲ ಚರ್ಚು ಮುಗಿಸಿ ಊಟಕ್ಕೆ ಸೇರಿರುವ ಹೊತ್ತು. 2019ರ ಫೆಬ್ರವರಿಗೆ ಮುಂಚೆ ಇದೂ ಇರಲಿಲ್ಲ. ವರ್ಷಕ್ಕೆ ಎರಡೇ ಕರೆ: ಕ್ರಿಸ್‌ಮಸ್‌ಗೊಂದು, ತಾಯಂದಿರ ದಿನಕ್ಕೊಂದು. ಉಳಿದ ದಿನಕ್ಕೆ ವಾರಕ್ಕೊಂದು ಇಮೇಲ್, ಅದಕ್ಕೂ ಮುಂಚೆ ಅಂಚೆ. ಮಗ ಮನೆ ನೆನಪು ಬಿಟ್ಟು ಕೆಲಸದಲ್ಲಿ ಮನಸ್ಸಿಡಲಿ ಅನ್ನುವುದು ಆ ಹಳೆಯ ನಿಯಮದ ಹಿಂದಿನ ಯೋಚನೆ. ವಾರಕ್ಕೊಮ್ಮೆ ಮಾತಾಡಲು ಬಿಟ್ಟದ್ದರಿಂದ ಆಕಾಶವೇನೂ ಬೀಳಲಿಲ್ಲ. ಇಷ್ಟು ವರ್ಷ ಯಾಕೆ ಬಿಡಲಿಲ್ಲ ಅಂತ ಹಳೆಯ ಮಿಷನರಿಗಳ ತಾಯಂದಿರು ಕೇಳಿದರೆ ತಪ್ಪಿಲ್ಲ.

ಸಾಮಾನು ತರಲು ದುಡ್ಡು? ಇದು ಬಹಳ ಜನರಿಗೆ ಗೊತ್ತಿಲ್ಲದ ವಿಷಯ. ಮಿಷನರಿಗೆ ಸಂಬಳ ಇಲ್ಲ. ತಿರುಗಿ ಅವನೇ ಕಟ್ಟಬೇಕು. ಅಮೆರಿಕದ ಕುಟುಂಬ 2020ರ ಜುಲೈನಿಂದ ತಿಂಗಳಿಗೆ 500 ಡಾಲರ್ ಕೊಡುತ್ತಿದೆ, ಅದಕ್ಕೆ ಮುಂಚೆ 400 ಇತ್ತು. ಎಷ್ಟೋ ಹುಡುಗರು ಶಾಲೆಯ ದಿನಗಳಿಂದಲೇ ಕೆಲಸ ಮಾಡಿ ಕೂಡಿಡುತ್ತಾರೆ. ಹಿಂದೆ ಯಾವ ದೇಶಕ್ಕೆ ಹೋದರೆ ಆ ದೇಶದ ಖರ್ಚನ್ನು ಆ ಕುಟುಂಬವೇ ಹೊರಬೇಕಿತ್ತು. ಮಗನನ್ನು ಜಪಾನಿಗೆ ಕಳಿಸಿದವರು ಸಾಲ ಮಾಡಬೇಕಾಗುತ್ತಿತ್ತು, ಬೊಲಿವಿಯಾಕ್ಕೆ ಕಳಿಸಿದವರು ಹಗುರಾಗಿರುತ್ತಿದ್ದರು. 1991ರಿಂದ ಎಲ್ಲರೂ ಒಂದೇ ಮೊತ್ತ ಕೊಡುವಂತೆ ಮಾಡಿ, ಒಟ್ಟಾದ ಹಣವನ್ನು ಆಯಾ ದೇಶದ ಖರ್ಚಿಗೆ ತಕ್ಕಂತೆ ಹಂಚುತ್ತಿದ್ದಾರೆ. ಪಂಗಾಸಿನಾನ್‌ನ ಹುಡುಗನ ಮನೆಯವರಿಗೆ ಅಷ್ಟೆಲ್ಲ ಕೊಡಲು ಆಗುವುದಿಲ್ಲ. ಅವರು ಆದಷ್ಟು ಕೊಡುತ್ತಾರೆ, ಉಳಿದದ್ದು ಚರ್ಚಿನ ಮಿಷನರಿ ನಿಧಿಯಿಂದ ಬರುತ್ತದೆ. ಕೈಗೆ ಸಿಗುವ ತಿಂಗಳ ಖರ್ಚು ಮಾತ್ರ ಇಬ್ಬರಿಗೂ ಒಂದೇ. ಅಕ್ಕಿ, ಮೊಟ್ಟೆ, ಡಬ್ಬದ ಮೀನು, ಬಾಳೆಹಣ್ಣು, ಜೀಪ್ನಿ ಚಾರ್ಜು ಎಲ್ಲ ಅದರಲ್ಲೇ ಆಗಬೇಕು.

ಮಧ್ಯಾಹ್ನ ಬಾಸ್ಕೆಟ್‌ಬಾಲ್. ಫಿಲಿಪೀನ್ಸ್‌ನಲ್ಲಿ ಈ ಆಟದ ಹುಚ್ಚು ಗಲ್ಲಿಗಲ್ಲಿಯಲ್ಲೂ ಇದೆ, ಅಮೆರಿಕದ ಎತ್ತರದ ಹುಡುಗ ಸಿಕ್ಕರೆ ಬಿಡುವುದಿಲ್ಲ. ಆದರೆ ಸಮುದ್ರಕ್ಕೆ ಇಳಿಯುವಂತಿಲ್ಲ. ಮಿಷನರಿಗಳಿಗೆ ಈಜುವುದು ನಿಷಿದ್ಧ. ಪ್ರವಾಸಿಗರು ದುಡ್ಡು ಕೊಟ್ಟು ಬರುವ ಕಡಲತೀರದ ಪಕ್ಕದಲ್ಲಿ ಎರಡು ವರ್ಷ ಇದ್ದು ನೀರಿಗೆ ಇಳಿಯದೆ ಬರುತ್ತಾರೆ ಪಾಪ. ಸಿನಿಮಾ ಇಲ್ಲ, ಟೀವಿ ಇಲ್ಲ, ವಿಡಿಯೊ ಗೇಮ್ ಇಲ್ಲ, ಹುಡುಗಿಯರ ಜೊತೆ ಸುತ್ತಾಟ ಇಲ್ಲ.

ಜೋಡಿ

ಯೇಸು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳಿಸಿದ ಅಂತ ಬೈಬಲಿನಲ್ಲಿದೆ. ಚರ್ಚು ಕೊಡುವ ಕಾರಣ ಅದು. ಲೋಕದ ಕಾರಣಗಳೂ ಇವೆ. ಗೊತ್ತಿಲ್ಲದ ಊರಲ್ಲಿ ಇಬ್ಬರಿದ್ದರೆ ಭದ್ರ. ಒಬ್ಬರ ಮಾತಿಗೆ ಇನ್ನೊಬ್ಬರು ಸಾಕ್ಷಿ. ನಿಯಮ ಮುರಿಯಬೇಕು ಅನ್ನಿಸಿದರೂ ಪಕ್ಕದಲ್ಲೊಬ್ಬ ನೋಡುತ್ತಿರುತ್ತಾನೆ. ಕಾವಲು ಅಂತ ಚರ್ಚು ಹೇಳುವುದಿಲ್ಲ, ಪರಸ್ಪರ ಆಸರೆ ಅನ್ನುತ್ತದೆ. ಎರಡೂ ನಿಜ ಅಂತ ನನ್ನ ಲೆಕ್ಕ.

ಜಾತಕ ನೋಡದೆ, ಮುಖ ನೋಡದೆ ಮಾಡಿದ ಮದುವೆಯಂತಿದೆ ಇದು, ಅದೂ ಕೆಲವು ವಾರಕ್ಕೊಮ್ಮೆ ಹೊಸದು. ಆರು ವಾರಕ್ಕೊಂದು 'ಟ್ರಾನ್ಸ್‌ಫರ್' ಬರುತ್ತದೆ. ಯಾರು ಯಾವ ಊರಿಗೆ, ಯಾರ ಜೊತೆ ಅನ್ನುವುದನ್ನು ಆ ಭಾಗದ ಮಿಷನರಿಗಳಿಗೆಲ್ಲ ಮುಖ್ಯಸ್ಥರಾದ ಮಿಷನ್ ಅಧ್ಯಕ್ಷರು ಪ್ರಾರ್ಥನೆ ಮಾಡಿ ತೀರ್ಮಾನಿಸುತ್ತಾರೆ. ಜೋಡಿ ಉಳಿದರೂ ಉಳಿಯಬಹುದು, ಮುರಿದರೂ ಮುರಿಯಬಹುದು. ಬಂದ ಹೊಸದರಲ್ಲಿ ಮಾತ್ರ 12 ವಾರ ತರಬೇತಿ ಕೊಡುವ ಹಿರಿಯನೊಬ್ಬ ಸಿಗುತ್ತಾನೆ. ಹಿರಿಯ ಅಂದರೆ 20, 21ರ ಹುಡುಗ.

ಜಗಳಗಳು ದೊಡ್ಡ ವಿಷಯಕ್ಕೆ ಆಗುವುದು ಕಮ್ಮಿ. ಒಬ್ಬ ಗೊರಕೆ ಹೊಡೆಯುತ್ತಾನೆ. ಒಬ್ಬ ಪಾತ್ರೆ ತೊಳೆಯುವುದಿಲ್ಲ. ಒಬ್ಬನಿಗೆ ದಿನಕ್ಕೆ ಮೂರು ಹೊತ್ತು ಅನ್ನ ಬೇಕು, ಇನ್ನೊಬ್ಬನಿಗೆ ಮೂರನೇ ದಿನಕ್ಕೇ ಅನ್ನ ಸಾಕಾಗುತ್ತದೆ. ಅಮೆರಿಕದವನು ಮನಸ್ಸಿಗೆ ಬಂದದ್ದನ್ನು ನೇರವಾಗಿ ಹೇಳುತ್ತಾನೆ. ಫಿಲಿಪೀನ್ಸ್‌ನವನಿಗೆ ಎದುರಿಗಿರುವವನ ಮುಖ ಕೆಡಿಸುವಂಥ ಮಾತು ಆಡಲು ಆಗುವುದಿಲ್ಲ, ಸುಮ್ಮನಾಗುತ್ತಾನೆ. ಆ ಮೌನವನ್ನು ಇವನು ಒಪ್ಪಿಗೆ ಅಂದುಕೊಳ್ಳುತ್ತಾನೆ. ವಾರ ಕಳೆದ ಮೇಲೆ ಗೊತ್ತಾಗುತ್ತದೆ, ಅದು ಸಿಟ್ಟು ಅಂತ.

ಇದಕ್ಕೆ ಚರ್ಚು ಒಂದು ಉಪಾಯ ಮಾಡಿದೆ. ವಾರಕ್ಕೊಮ್ಮೆ, ಮುಂದಿನ ವಾರದ ಯೋಜನೆ ಹಾಕುವ ಹೊತ್ತಿಗೆ, ಇಬ್ಬರೂ ಎದುರುಬದುರು ಕೂತು ತಮ್ಮಿಬ್ಬರ ನಡುವೆ ಏನು ಸರಿಯಿದೆ, ಏನು ಸರಿಯಿಲ್ಲ ಅಂತ ಮಾತಾಡಬೇಕು. 'ನಾನು ಎಲ್ಲಿ ಸುಧಾರಿಸಿಕೊಳ್ಳಲಿ?' ಅಂತ ಕೇಳಬೇಕು. ಶುರುವಿಗೂ ಕೊನೆಗೂ ಪ್ರಾರ್ಥನೆ. 19ರ ಹುಡುಗರು ಇದನ್ನು ಎಷ್ಟು ಚೆನ್ನಾಗಿ ಮಾಡುತ್ತಾರೋ ಬೇರೆ ಮಾತು. ಆದರೆ 40 ವರ್ಷ ಸಂಸಾರ ಮಾಡಿದವರೂ ಒಂದು ಸಲವೂ ಮಾಡದ ಕೆಲಸ ಇದು, ಅಲ್ವಾ?

ಈ ಜೋಡಿಯಲ್ಲಿ ಇನ್ನೊಂದು ತಮಾಷೆ ಇದೆ. ಪಂಗಾಸಿನಾನ್‌ನವನಿಗೂ ಸೆಬುವಾನೊ ಬರುವುದಿಲ್ಲ. ಅವನ ಮನೆಮಾತು ಬೇರೆ, ಶಾಲೆಯಲ್ಲಿ ಕಲಿತದ್ದು ಮನಿಲಾ ಕಡೆಯ ಟಗಾಲಾಗ್ ಮತ್ತು ಇಂಗ್ಲಿಷ್. ಒಂದೇ ದೇಶದವನಾದರೂ ಅವನೂ ಇಲ್ಲಿ ಭಾಷೆ ಕಲಿಯಲು ಬಂದವನೇ. ಕನ್ನಡಿಗನೊಬ್ಬ ಕೆಲಸಕ್ಕೆ ಕೊಲ್ಕತ್ತಕ್ಕೆ ಹೋದರೆ ಆಗುವುದೂ ಇಷ್ಟೇ. ಬಿಳಿ ಚರ್ಮದ ಹುಡುಗ ತಪ್ಪು ಮಾತಾಡಿದರೆ ಜನ ನಕ್ಕು ಖುಷಿಪಡುತ್ತಾರೆ. ಇವನು ತಪ್ಪಿದರೆ 'ಇವನೇನು, ಮನಿಲಾ ಕಡೆಯವನಾ?' ಅನ್ನುತ್ತಾರೆ.

ಮಂಗಳವಾರದಿಂದ ಶುಕ್ರವಾರ

ಉಳಿದ ದಿನಗಳ ಅಚ್ಚು ಒಂದೇ. ಆರೂವರೆಗೆ ಎದ್ದು ಅರ್ಧ ಗಂಟೆ ವ್ಯಾಯಾಮ. ತಿಂಡಿ. ಆಮೇಲೆ ಒಬ್ಬೊಬ್ಬರೇ ಧರ್ಮಗ್ರಂಥ ಓದುವುದು, ಇಬ್ಬರೂ ಸೇರಿ ಓದುವುದು, ಭಾಷೆ ಕಲಿಯುವುದು. ಹತ್ತರ ಸುಮಾರಿಗೆ ಬೀದಿಗೆ ಇಳಿದರೆ ವಾಪಸು ಬರುವುದು ರಾತ್ರಿ ಒಂಬತ್ತಕ್ಕೆ. ಹತ್ತೂವರೆಗೆ ದೀಪ ಆರಬೇಕು. 2017ರಲ್ಲಿ ಈ ವೇಳಾಪಟ್ಟಿಯನ್ನು ಕೊಂಚ ಸಡಿಲ ಮಾಡಿದರು, ದೇಶ ನೋಡಿ ಹೊತ್ತು ಹಿಂದೆಮುಂದೆ ಮಾಡಿಕೊಳ್ಳಬಹುದು. ವಾರದಲ್ಲೊಂದು ದಿನ, ಹೆಚ್ಚಾಗಿ ಮಂಗಳವಾರವೋ ಬುಧವಾರವೋ, ಅಕ್ಕಪಕ್ಕದ ನಾಲ್ಕಾರು ಜೋಡಿಗಳು ಸಭೆ ಸೇರುತ್ತವೆ. ಅದನ್ನು ನಡೆಸುವವನೂ ಒಬ್ಬ ಮಿಷನರಿಯೇ, ಇವರ ವಯಸ್ಸಿನವನೇ. ಅವನ ಮೇಲೆ ಇನ್ನೊಬ್ಬ, ಅವನ ಮೇಲೆ ಮತ್ತಿಬ್ಬರು. ಎಲ್ಲರ ಮೇಲೆ ಮಿಷನ್ ಅಧ್ಯಕ್ಷರು ಮತ್ತು ಅವರ ಹೆಂಡತಿ: ಸ್ವಂತ ಉದ್ಯೋಗ ಬದಿಗಿಟ್ಟು ಮೂರು ವರ್ಷಕ್ಕೆ ಅಂತ ಬಂದ ವಕೀಲರೋ ವ್ಯಾಪಾರಿಯೋ ಆಗಿರುತ್ತಾರೆ. ಈ ಚರ್ಚಿನಲ್ಲಿ ಊರಿನ ಬಿಷಪ್‌ಗೂ ಸಂಬಳ ಇಲ್ಲ.

ಇನ್ನು ಬೀದಿಯ ಕೆಲಸ. ಸೆಬುವಿನಲ್ಲಿ ಬಾಗಿಲು ತಟ್ಟುವ ರೂಢಿ ಕಮ್ಮಿ. ಗೇಟಿನ ಹೊರಗೆ ನಿಂತು 'ಆಯೊ!' ಅಂತ ಕೂಗುತ್ತಾರೆ. ನಾಯಿ ಮೊದಲು ಬರುತ್ತದೆ, ಆಮೇಲೆ ಮಕ್ಕಳು, ಕೊನೆಗೆ ಮನೆಯವರು. ಬಿಳಿಯರನ್ನು ಕಂಡರೆ ಮಕ್ಕಳು 'ಹೇ ಜೋ!' ಅನ್ನುತ್ತಾರೆ. ಎರಡನೇ ಮಹಾಯುದ್ಧದ ಅಮೆರಿಕನ್ ಸೈನಿಕರ ಕಾಲದಿಂದ ಉಳಿದುಕೊಂಡ ಕೂಗು ಅದು. ಒಳಗೆ ಬನ್ನಿ ಅನ್ನುವವರು ಬಹಳ ಮಂದಿ. ಯುರೋಪಿನಲ್ಲಿ ಕೆಲಸ ಮಾಡುವ ಮಿಷನರಿಗಳಿಗೆ ಹೋಲಿಸಿದರೆ ಇದು ಸುಖ. ಅಲ್ಲಿ ಇಡೀ ವಾರ ಅಲೆದರೂ ಕುರ್ಚಿ ತೋರಿಸುವವರು ಸಿಗದಿರುವುದು ಉಂಟು. ಅಮೆರಿಕದ ರಾಜಕಾರಣಿ ಮಿಟ್ ರಾಮ್ನಿ 1966ರಿಂದ 68ರವರೆಗೆ ಫ್ರಾನ್ಸ್‌ನಲ್ಲಿ ಇದೇ ಕೆಲಸ ಮಾಡಿದ್ದರು. ವೈನಿನ ದೇಶದಲ್ಲಿ ಮದ್ಯ ಬಿಡಿ ಅಂತ ಹೇಳಿಕೊಂಡು ತಿರುಗುವ ಕೆಲಸ.

ಒಳಗೆ ಕೂರಿಸಿದವರು ಕೇಳುವ ಮೊದಲ ಪ್ರಶ್ನೆ ನ್ಯಾಯವಾದದ್ದೇ: 'ನಾವಾಗಲೇ ಕ್ರೈಸ್ತರಲ್ಲವಾ?' ಹೌದು. 1521ರಲ್ಲಿ ಸ್ಪೇನಿನ ಪರವಾಗಿ ಹೊರಟ ನಾವಿಕ ಮೆಗೆಲ್ಲನ್ ಇದೇ ಸೆಬುವಿಗೆ ಬಂದಿದ್ದ. ಆ ದ್ವೀಪಗಳಲ್ಲಿ ಮೊದಲ ದೀಕ್ಷಾಸ್ನಾನ ನಡೆದದ್ದೂ ಇಲ್ಲೇ. ರಾಜನ ಹೆಂಡತಿಗೆ ಅವತ್ತು ಕೊಟ್ಟ ಬಾಲಯೇಸುವಿನ ಮೂರ್ತಿಗೆ ಇವತ್ತೂ ಪ್ರತಿ ಜನವರಿಯಲ್ಲಿ ಜಾತ್ರೆ ನಡೆಯುತ್ತದೆ. ದೇಶದಲ್ಲಿ ನೂರಕ್ಕೆ ಸುಮಾರು 80 ಜನ ಕ್ಯಾಥೊಲಿಕ್ಕರು. ಐಡಾಹೊದ ಹುಡುಗನ ಧರ್ಮಕ್ಕೆ ಇನ್ನೂ 200 ವರ್ಷ ತುಂಬಿಲ್ಲ, ಅವನು 500 ವರ್ಷದಿಂದ ಯೇಸುವನ್ನು ಪೂಜಿಸುತ್ತಿರುವವರಿಗೆ ಯೇಸುವಿನ ವಿಷಯ ಹೇಳಲು ಹೊರಟಿದ್ದಾನೆ.

ಅವನು ಹೇಳುವುದರಲ್ಲಿ ಬೇರೆ ಏನಿದೆ ಅಂದರೆ: ದೇವರು ಈಗಲೂ ಪ್ರವಾದಿಗಳ ಮೂಲಕ ಮಾತಾಡುತ್ತಾನೆ, ಸಾಲ್ಟ್ ಲೇಕ್ ಸಿಟಿಯಲ್ಲಿರುವ ಚರ್ಚಿನ ಅಧ್ಯಕ್ಷರು ಅಂಥವರು. ತಂದೆ, ಮಗ, ಪವಿತ್ರಾತ್ಮ ಮೂವರೂ ಬೇರೆ ಬೇರೆ, ಒಬ್ಬನೇ ದೇವರ ಮೂರು ರೂಪ ಅಲ್ಲ. ಈ ಚರ್ಚಿನವರ ದೇವಾಲಯದಲ್ಲಿ (ಅದು ಭಾನುವಾರದ ಚರ್ಚಿನಿಂದ ಬೇರೆ) ಮದುವೆಯಾದರೆ ಗಂಡ, ಹೆಂಡತಿ, ಮಕ್ಕಳ ಸಂಬಂಧ ಸಾವಿನ ಆಚೆಗೂ ಉಳಿಯುತ್ತದೆ. ಈ ಕೊನೆಯ ಮಾತು ಫಿಲಿಪೀನ್ಸ್‌ನಲ್ಲಿ ಬೇಗ ನಾಟುತ್ತದೆ. ಅಪ್ಪ ಗಲ್ಫ್‌ನಲ್ಲಿ, ಅಮ್ಮ ಹಾಂಗ್‌ಕಾಂಗ್‌ನಲ್ಲಿ, ಮಕ್ಕಳು ಅಜ್ಜಿ ಮನೆಯಲ್ಲಿ ಅನ್ನುವ ಸಂಸಾರಗಳು ಅಲ್ಲಿ ಲೆಕ್ಕವಿಲ್ಲದಷ್ಟಿವೆ. ಕುಟುಂಬ ಎಂದೆಂದಿಗೂ ಒಟ್ಟಿಗಿರುತ್ತದೆ ಅಂದರೆ ಯಾರು ಕೇಳುವುದಿಲ್ಲ?

ಕೇಳುವುದು ಸುಲಭ, ಸೇರುವುದು ಕಷ್ಟ. ಮದ್ಯ, ಸಿಗರೇಟು ಬಿಡಬೇಕು. ಕಾಫಿ, ಟೀ ಕೂಡ ಬಿಡಬೇಕು. 1833ರಲ್ಲಿ ಜೋಸೆಫ್ ಸ್ಮಿತ್ ಹೇಳಿದ ಆರೋಗ್ಯ ನಿಯಮ ಅದು. ಗೂಡಂಗಡಿಯಲ್ಲಿ ತ್ರೀ-ಇನ್-ಒನ್ ಕಾಫಿ ಪೊಟ್ಟಣಗಳು ಸರಸರನೆ ಮಾರಾಟವಾಗುವ ದೇಶ ಅದು, ಊರ ತೆಂಗಿನ ಹೆಂಡ ಬೇರೆ. (ಚಿಕ್ಕಮಗಳೂರಿನ ಕಡೆ ಈ ನಿಯಮ ಹೇಳಿಕೊಂಡು ಹೋದರೆ ಕಾಫಿ ಕೊಟ್ಟೇ ವಾಪಸು ಕಳಿಸುತ್ತಾರೆ.) ಗಳಿಕೆಯ ಹತ್ತನೇ ಒಂದು ಭಾಗ ಚರ್ಚಿಗೆ ಕೊಡಬೇಕು. ತಿಂಗಳ ಮೊದಲ ಭಾನುವಾರ ಉಪವಾಸ ಮಾಡಿ, ಉಳಿದ ಊಟದ ದುಡ್ಡನ್ನು ಬಡವರಿಗೆ ಕೊಡಬೇಕು.

ಎಲ್ಲಕ್ಕಿಂತ ದೊಡ್ಡ ತೊಡಕು ಮದುವೆಯದ್ದು. ಒಟ್ಟಿಗೆ ಬಾಳುವವರು ಕಾನೂನಿನ ಪ್ರಕಾರ ಮದುವೆಯಾಗಿದ್ದರೆ ಮಾತ್ರ ದೀಕ್ಷೆ. ಫಿಲಿಪೀನ್ಸ್‌ನಲ್ಲಿ ಮುಸ್ಲಿಮರನ್ನು ಬಿಟ್ಟರೆ ಬೇರೆಯವರಿಗೆ ವಿಚ್ಛೇದನವೇ ಇಲ್ಲ. ಮದುವೆ ರದ್ದು ಮಾಡಿಸಲು ಕೋರ್ಟಿಗೆ ಹೋಗಬಹುದು, ಅದಕ್ಕೆ ವರ್ಷಗಟ್ಟಲೆ ಸಮಯವೂ ಕೈತುಂಬ ದುಡ್ಡೂ ಬೇಕು. ಹಾಗಾಗಿ ಮೊದಲ ಗಂಡ ಬಿಟ್ಟುಹೋಗಿ, ಇನ್ನೊಬ್ಬನ ಜೊತೆ ಹತ್ತಾರು ವರ್ಷ ಬಾಳಿ, ನಾಲ್ಕು ಮಕ್ಕಳ ತಾಯಿಯಾದವಳು ಈ ಎರಡನೆಯವನನ್ನು ಮದುವೆಯಾಗುವಂತೆಯೇ ಇಲ್ಲ. ಅವಳು ಪ್ರತಿ ಭಾನುವಾರ ಚರ್ಚಿಗೆ ಬರುತ್ತಾಳೆ, ಪಾಠ ಕೇಳುತ್ತಾಳೆ, ದೀಕ್ಷೆ ಮಾತ್ರ ಸಿಗುವುದಿಲ್ಲ. ಅದನ್ನು ಅವಳಿಗೆ ಹೇಳಬೇಕಾದವನು, ಇನ್ನೂ ಯಾರ ಸಂಸಾರವನ್ನೂ ಒಳಗಿನಿಂದ ನೋಡದ, ಕ್ರಿಯಾಪದ ಹುಡುಕಿ ಮಾತಾಡುವ 19ರ ಹುಡುಗ. ಮೊದಲ ಮದುವೆಯೇ ಆಗದವರಾದರೆ ದಾರಿ ಇದೆ. ಜನನ ಪ್ರಮಾಣಪತ್ರ, ಮದುವೆಯಾಗಿಲ್ಲ ಅನ್ನುವ ಪ್ರಮಾಣಪತ್ರ ಮಾಡಿಸಲು ಮಿಷನರಿಗಳೇ ಕಚೇರಿಗೆ ಜೊತೆಗೆ ಓಡಾಡುವುದುಂಟು.

ಗೇಟಿನ ಮುಂದೆ ಕೂಗುವುದು ಈಗ ಮೊದಲಿನಷ್ಟಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಸಾವಿರಾರು ಮಿಷನರಿಗಳನ್ನು ತರಾತುರಿಯಲ್ಲಿ ಸ್ವಂತ ದೇಶಗಳಿಗೆ ವಾಪಸು ಕರೆಸಿದರು. ಉಳಿದವರು ಬಾಡಿಗೆ ಮನೆಯೊಳಗೆ ಕೂತು ಫೋನಿನಲ್ಲಿ ಪಾಠ ಹೇಳಿದರು. ಆ ಅಭ್ಯಾಸ ಉಳಿಯಿತು. ಹೊಸಬರು ಈಗ ಫೇಸ್‌ಬುಕ್‌ನಲ್ಲಿ ಸಿಗುತ್ತಾರೆ, ಮೆಸೆಂಜರ್‌ನಲ್ಲಿ ಸಮಯ ಗೊತ್ತುಮಾಡುತ್ತಾರೆ. ಅದಕ್ಕಿಂತಲೂ ಚೆನ್ನಾಗಿ ನಡೆಯುವುದು ಹಳೆಯ ದಾರಿ: ಊರಿನ ಸದಸ್ಯರೊಬ್ಬರು ತಮ್ಮ ನೆರೆಯವರನ್ನು ಪರಿಚಯ ಮಾಡಿಸುವುದು.

ಲೆಕ್ಕ

ವಾರದ ಕೊನೆಗೆ ಅಂಕಿಗಳನ್ನು ಆ್ಯಪ್‌ಗೆ ತುಂಬಬೇಕು. ಹೊಸದಾಗಿ ಎಷ್ಟು ಜನಕ್ಕೆ ಪಾಠ ಶುರುವಾಯಿತು, ಭಾನುವಾರ ಎಷ್ಟು ಜನ ಚರ್ಚಿಗೆ ಬಂದರು, ಎಷ್ಟು ಜನ ದೀಕ್ಷೆಗೆ ದಿನ ಗೊತ್ತುಮಾಡಿಕೊಂಡರು. ಮಾರಾಟ ವಿಭಾಗದ ವಾರದ ವರದಿ ಅಂತ ಹೊರಗಿನವರು ನಗುತ್ತಾರೆ. ಒಳಗಿನವರೂ ನಗುತ್ತಾರೆ.

ಲೆಕ್ಕದ ಹಿಂದೆ ಬಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಚರ್ಚಿನ ಇತಿಹಾಸದಲ್ಲೇ ಪಾಠ ಇದೆ. 1960ರ ದಶಕದ ಶುರುವಿನಲ್ಲಿ ಇಂಗ್ಲೆಂಡಿನಲ್ಲಿ ಮಿಷನರಿಗಳು ಹುಡುಗರನ್ನು ಬೇಸ್‌ಬಾಲ್ ಆಟಕ್ಕೆ ಕರೆದು, ತಂಡಕ್ಕೆ ಸೇರಿಸಿ, ಹಾಗೆಯೇ ದೀಕ್ಷೆಯನ್ನೂ ಕೊಟ್ಟುಬಿಟ್ಟರು. ಎಷ್ಟೋ ಮಕ್ಕಳಿಗೆ ತಾವು ಒಂದು ಧರ್ಮಕ್ಕೆ ಸೇರಿದ್ದೇವೆ ಅಂತಲೇ ಗೊತ್ತಿರಲಿಲ್ಲ. 'ಬೇಸ್‌ಬಾಲ್ ದೀಕ್ಷೆ' ಅನ್ನುವ ಹೆಸರು ಉಳಿಯಿತು, ಮಕ್ಕಳು ಉಳಿಯಲಿಲ್ಲ. ಈಗ ದೀಕ್ಷೆಗೆ ಮುಂಚೆ ಪಾಠ ಮುಗಿದಿರಬೇಕು, ಚರ್ಚಿಗೆ ಬಂದಿರಬೇಕು, ಪಾಠ ಹೇಳದ ಬೇರೊಬ್ಬರಿಂದ ಸಂದರ್ಶನ ಆಗಬೇಕು. ಹಾಗಿದ್ದೂ ಫಿಲಿಪೀನ್ಸ್‌ನ 8.5 ಲಕ್ಷಕ್ಕೂ ಹೆಚ್ಚು ಸದಸ್ಯರಲ್ಲಿ ಬಹಳಷ್ಟು ಜನ ಪುಸ್ತಕದಲ್ಲಿ ಮಾತ್ರ ಸದಸ್ಯರು. ಅದಕ್ಕೇ ಮಿಷನರಿಗಳ ಸಾಕಷ್ಟು ಹೊತ್ತು ಹಿಂದೆ ಸೇರಿ ಬಿಟ್ಟುಹೋದವರ ಮನೆ ಹುಡುಕುವುದರಲ್ಲಿ ಹೋಗುತ್ತದೆ.

ಶನಿವಾರ ದೀಕ್ಷೆ ಇದ್ದರೆ ಹಬ್ಬ. ಬಿಳಿ ಬಟ್ಟೆ ಹಾಕಿ, ಸೊಂಟದಷ್ಟು ನೀರಿಗೆ ಇಳಿದು, ಪೂರ್ತಿ ಮುಳುಗಬೇಕು. ಕಾಲಿನ ಹೆಬ್ಬೆರಳು ಮೇಲೆ ತೇಲಿದರೂ ಲೆಕ್ಕಕ್ಕಿಲ್ಲ, ಮತ್ತೆ ಮುಳುಗಿಸುತ್ತಾರೆ. ಇಬ್ಬರು ಸಾಕ್ಷಿಗಳು ಅದನ್ನೇ ನೋಡುತ್ತಾ ನಿಂತಿರುತ್ತಾರೆ. ದೀಕ್ಷೆ ಇಲ್ಲದ ಶನಿವಾರವೇ ಜಾಸ್ತಿ. ಅವತ್ತು ಯಾರದ್ದೋ ಮನೆಯ ಬಿದಿರು ಕಡಿದುಕೊಡುವುದು, ಗೋಡೆಗೆ ಬಣ್ಣ ಬಳಿಯುವುದು ನಡೆಯುತ್ತದೆ.

ಭಾನುವಾರ ಎರಡು ಗಂಟೆ ಚರ್ಚು. 2019ಕ್ಕೆ ಮುಂಚೆ ಮೂರು ಗಂಟೆ ಇತ್ತು. ವೈನ್ ಬದಲು ನೀರು, ಜೊತೆಗೆ ಬ್ರೆಡ್ಡಿನ ತುಣುಕು. ಪ್ರವಚನ ಮಾಡುವವರು ಊರಿನ ಸದಸ್ಯರೇ, ಯಾವ ವಾರ ಬೇಕಾದರೂ ಮಿಷನರಿಯ ಸರದಿ ಬರಬಹುದು. ಬರುತ್ತೇನೆ ಅಂತ ಮಾತು ಕೊಟ್ಟ ಐದು ಜನರಲ್ಲಿ ಯಾರಾದರೂ ಬರುತ್ತಾರಾ ಅಂತ ಗೇಟಿನ ಹತ್ತಿರ ನಿಂತು ದಾರಿ ನೋಡುವುದು ಅವರ ಭಾನುವಾರದ ಪಾಡು.

ಕೆಟ್ಟ ವಾರಗಳು

ಎಲ್ಲ ವಾರವೂ ಹೀಗೆ ಸರಾಗವಾಗಿ ಹೋಗುವುದಿಲ್ಲ. 2013ರ ನವೆಂಬರ್ 8ರಂದು ಹೈಯಾನ್ ಚಂಡಮಾರುತ ಸೆಬುವಿನ ಪೂರ್ವಕ್ಕಿರುವ ಟಕ್ಲೋಬಾನ್ ಊರನ್ನು ಕೊಚ್ಚಿಹಾಕಿತು. ಆ ಮಿಷನ್‌ನಲ್ಲಿ ಸುಮಾರು 200 ಮಿಷನರಿಗಳಿದ್ದರು. ಕೆಲವು ದಿನ ಅವರ ಸುದ್ದಿಯೇ ಇರಲಿಲ್ಲ. ಕೊನೆಗೆ ಎಲ್ಲರೂ ಬದುಕಿದ್ದಾರೆ ಅಂತ ತಿಳಿಯಿತು, ವಿಮಾನದಲ್ಲಿ ಮನಿಲಾಕ್ಕೆ ಕರೆತಂದರು. ಊರಲ್ಲಿ ಸಾವಿರಾರು ಜನ ಸತ್ತಿದ್ದರು.

ಚಂಡಮಾರುತ ಇಲ್ಲದೆಯೂ ಕುಸಿಯುವ ಹುಡುಗರಿದ್ದಾರೆ. ಬಿಡುವಿಲ್ಲದ ವೇಳಾಪಟ್ಟಿ, ದಿನವಿಡೀ ಬೇಡ ಅನ್ನಿಸಿಕೊಳ್ಳುವುದು, ಒಂಟಿಯಾಗಿ ಅಳಲೂ ಜಾಗ ಇಲ್ಲದ ಬದುಕು. ಆತಂಕ, ಖಿನ್ನತೆ ಅಂತ ಮಧ್ಯದಲ್ಲೇ ಮನೆಗೆ ಹೋಗುವವರಿದ್ದಾರೆ. ಯೂಟಾದ ಸಣ್ಣ ಊರುಗಳಲ್ಲಿ ಅವಧಿಗೆ ಮುಂಚೆ ಬಂದ ಮಗ ಅಂದರೆ ಜನ ಪಿಸುಗುಡುತ್ತಿದ್ದರು. ಈಗ ಆಪ್ತಸಮಾಲೋಚಕರ ಸಹಾಯ ಇದೆ, ಮನೆಯಲ್ಲೇ ಇದ್ದು ಸೇವೆ ಮಾಡುವ ಮಿಷನ್ ಕೂಡ ಇದೆ. ಪಿಸುಗುಡುವುದು ಪೂರ್ತಿ ನಿಂತಿಲ್ಲ.

ಚರ್ಚಿನ ಮೇಲೆ ಗಟ್ಟಿ ಪ್ರಶ್ನೆಗಳೂ ಇವೆ. ಅದರ ಹೂಡಿಕೆ ಸಂಸ್ಥೆ ಎನ್‌ಸೈನ್ ಪೀಕ್ ಬಳಿ ಸುಮಾರು 100 ಶತಕೋಟಿ ಡಾಲರ್ ಇದೆ ಅಂತ 2019ರಲ್ಲಿ ಅಲ್ಲಿನ ಹಳೆಯ ಉದ್ಯೋಗಿಯೊಬ್ಬರು ದೂರು ಕೊಟ್ಟರು. ಷೇರುಗಳನ್ನು ಬೇರೆ ಬೇರೆ ಕಂಪನಿಗಳ ಹೆಸರಲ್ಲಿ ಮರೆಮಾಡಿದ್ದಕ್ಕೆ 2023ರಲ್ಲಿ ಅಮೆರಿಕದ ಷೇರು ನಿಯಂತ್ರಕರು ಆ ಸಂಸ್ಥೆಗೂ ಚರ್ಚಿಗೂ ಸೇರಿ 50 ಲಕ್ಷ ಡಾಲರ್ ದಂಡ ಹಾಕಿದರು. ಅಷ್ಟು ದುಡ್ಡಿರುವ ಚರ್ಚು 19ರ ಹುಡುಗರಿಂದ ತಿಂಗಳಿಗೆ 500 ಡಾಲರ್ ಯಾಕೆ ಕಟ್ಟಿಸಿಕೊಳ್ಳುತ್ತದೆ ಅಂತ ಕೇಳುವವರಿಗೆ, ತ್ಯಾಗವೂ ಮಿಷನ್‌ನ ಭಾಗ ಅನ್ನುವ ಉತ್ತರ ಸಿಗುತ್ತದೆ. ನನಗೆ ಅದು ಅರ್ಧ ಉತ್ತರ ಅನ್ನಿಸುತ್ತದೆ.

ಇದೇ ವ್ಯವಸ್ಥೆ ಎಲ್ಲ ಕಡೆ ಒಂದೇ ಥರ ನಡೆಯುವುದಿಲ್ಲ. ರಷ್ಯಾ 2016ರಲ್ಲಿ ಧರ್ಮಪ್ರಚಾರಕ್ಕೆ ಕಡಿವಾಣ ಹಾಕಿದ ಮೇಲೆ ಅಲ್ಲಿರುವವರನ್ನು ಚರ್ಚು 'ಸ್ವಯಂಸೇವಕರು' ಅಂತ ಕರೆಯತೊಡಗಿತು. ನಮ್ಮ ಬೆಂಗಳೂರಿನಲ್ಲೂ 1993ರಿಂದ ಇವರ ಮಿಷನ್ ಇದೆ. ಭಾರತದಲ್ಲಿ ತಮ್ಮ ಮೊದಲ ದೇವಾಲಯವನ್ನು ಬೆಂಗಳೂರಿನಲ್ಲಿ ಕಟ್ಟುವುದಾಗಿ 2018ರ ಏಪ್ರಿಲ್‌ನಲ್ಲಿ ಹೇಳಿ, 2020ರ ಡಿಸೆಂಬರ್‌ನಲ್ಲಿ ಕೆಲಸ ಶುರು ಮಾಡಿದರು. ಭಾನುವಾರದ ಚರ್ಚಿಗೆ ಯಾರು ಬೇಕಾದರೂ ಹೋಗಬಹುದು. ದೇವಾಲಯ ಒಮ್ಮೆ ಪ್ರತಿಷ್ಠೆಯಾದ ಮೇಲೆ ನಿಯಮ ಪಾಲಿಸುವ ಸದಸ್ಯರಿಗೆ ಮಾತ್ರ ಪ್ರವೇಶ.

ಎರಡು ವರ್ಷ ಆದ ಮೇಲೆ

ಕೊನೆಯ ವಾರಗಳಲ್ಲಿ ಮನಸ್ಸು ಆಗಲೇ ಪೆಟ್ಟಿಗೆ ಕಟ್ಟಿರುತ್ತದೆ. ಜೊತೆಗಾರರು ರೇಗಿಸುತ್ತಾರೆ. ಐಡಾಹೊದ ಹುಡುಗ ಊರಿಗೆ ಹೋಗಿ, ಅಲ್ಲಿನ ಮುಖಂಡರನ್ನು ಕಂಡು, ಎದೆಯ ಪಟ್ಟಿ ತೆಗೆದ ಮೇಲೆ ಮಿಷನ್ ಮುಗಿಯಿತು. ಓದು ಮುಂದುವರಿಸು, ಹುಡುಗಿ ನೋಡು ಅಂತ ಹೇಳುವವರಿಗೆ ಕೊರತೆ ಇರುವುದಿಲ್ಲ. ಪ್ರೊವೊದಲ್ಲಿ ಚರ್ಚಿನದೇ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ ಇದೆ, ಅಲ್ಲಿ ಓದುವವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಎರಡನೇ ಭಾಷೆಯೊಂದು ಬರುತ್ತದೆ. ಅದರ ಮುಖ್ಯ ಕಾರಣ ಈ ಎರಡು ವರ್ಷ.

ಪಂಗಾಸಿನಾನ್‌ನ ಹುಡುಗನ ದಾರಿ ಬೇರೆ. ಕೈಗೆ ಬಂದದ್ದು ಒಂದೇ ಮೊತ್ತದ ಖರ್ಚಿನ ದುಡ್ಡು, ಹಾಕಿದ್ದು ಒಂದೇ ಥರದ ಅಂಗಿ. ಆದರೆ ಇಬ್ಬರೂ ವಾಪಸು ಹೋಗುವ ಮನೆಗಳು ಒಂದೇ ಅಲ್ಲ. ಅವನ ಗೆಳೆಯರು ಅಷ್ಟರಲ್ಲಿ ಕೆಲಸ ಹಿಡಿದಿರುತ್ತಾರೆ, ತಂಗಿಯ ಓದಿನ ಖರ್ಚು ಕಾದಿರುತ್ತದೆ. ಮಿಷನ್ ಮುಗಿಸಿದ ಇಂಥ ಹುಡುಗರು ಮತ್ತೆ ಬಡತನಕ್ಕೇ ಬೀಳುತ್ತಿರುವುದನ್ನು ನೋಡಿ, ಆಗಿನ ಅಧ್ಯಕ್ಷ ಗಾರ್ಡನ್ ಹಿಂಕ್ಲಿ 2001ರಲ್ಲಿ ಓದಿಗೆ ಸಾಲ ಕೊಡುವ ನಿಧಿಯೊಂದನ್ನು ಶುರು ಮಾಡಿದರು. ಕಲಿತು, ಕೆಲಸ ಹಿಡಿದು, ಸಾಲ ತೀರಿಸಬೇಕು, ಆ ದುಡ್ಡು ಮುಂದಿನವರಿಗೆ ಹೋಗುತ್ತದೆ. ದೇಶಕ್ಕೆ ತಕ್ಕಂತೆ ಶುಲ್ಕ ಇಟ್ಟ ಆನ್‌ಲೈನ್ ಪದವಿಯೂ ಈಗ ಇದೆ. ಅದಕ್ಕೆ ಇಂಗ್ಲಿಷ್ ಬೇಕು. ಸೆಬು, ಮನಿಲಾದ ಕಾಲ್ ಸೆಂಟರ್‌ಗಳಲ್ಲಿ ಕೆಲಸ ಸಿಗಲೂ ಅದೇ ಇಂಗ್ಲಿಷ್ ಬೇಕು. ಶಾಲೆಯಲ್ಲಿ ಓದಲು ಬರೆಯಲು ಕಲಿತಿದ್ದ ಆ ಭಾಷೆ ಅವನಿಗೆ ನಾಲಗೆ ಮೇಲೆ ಕೂತದ್ದು ಪಾತ್ರೆ ಯಾರು ತೊಳೆಯಬೇಕು ಅಂತ ಐಡಾಹೊದವನ ಜೊತೆ ವಾದ ಮಾಡುತ್ತಾ.